ನಲವತ್ತು ಸೆಕೆಂಡು ತಡ

ಆರ್ವಲ್ ತನ್ನ ಟಿವಿ ಡಿಶ್ ನಿಲ್ಲಿಸಲು ತೊಡಗಿದರೆ ಗಾಲಿಮನೆಗಳು ತಂಗುವ ಆ ಬಿಡಾರದ ಅರ್ಧ ಜನಕ್ಕೆ ಅದೇ ಒಂದು ಆಟ. ಮೂರು ಕಾಲಿನ ಸ್ಟ್ಯಾಂಡು, ಮೇಲೆ ಬೋಗುಣಿಯಂಥ ಡಿಶ್, ನೆಬ್ರಾಸ್ಕದ ಗಾಳಿಗೆ ಹಾರಿಹೋಗದಂತೆ ನಡುವೆ ತೂಗುಬಿಟ್ಟ ನೀರಿನ ಕ್ಯಾನು. ಎಪ್ಪತ್ತು ದಾಟಿದ ಮನುಷ್ಯ ಮೊಣಕಾಲೂರಿ ದಿಕ್ಸೂಚಿ ನೋಡುತ್ತಿದ್ದ, ಕತ್ತೆತ್ತಿ ದಕ್ಷಿಣದ ಆಕಾಶ ನೋಡುತ್ತಿದ್ದ, ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಗಾಲಿಮನೆಯ ಒಳಗಿನಿಂದ ಹೆಂಡತಿ ಮಾರ್ಲಿಸ್ ಕೂಗುತ್ತಿದ್ದಳು.

"ಬಂತು... ಹೋಯ್ತು. ಬಂತು, ಬಂತು... ಹೋಯ್ತು."

"ಬಂದಾಗ ನಿಲ್ಸಿ ಅನ್ನಬೇಕು ಕಣೇ. ಹೋದ ಮೇಲೆ ಹೇಳಿ ಏನು ಬಂತು?"

"ಬಂದಾಗ್ಲೂ ಹೇಳಿದೆನಲ್ಲ. ನಿಮ್ಮ ಕಿವಿಗೂ ಒಂದು ಡಿಶ್ ಹಾಕಿಸ್ಕೊಳ್ಳಿ."

ಪಕ್ಕದ ಟ್ರೇಲರಿನ ಮೆಟ್ಟಿಲ ಮೇಲೆ ಕೂತಿದ್ದ ಶೆಲ್ಬಿಗೆ ನಗು ಬಂತು. ಅವಳು ಆ ಬಿಡಾರಕ್ಕೆ ಬಂದು ಎರಡು ದಿನವಾಗಿತ್ತು. ಅಲ್ಲಿ ಉಳಿಯಬೇಕೆಂದು ಬಂದವಳಲ್ಲ. ಅವಳ ಗಂಡ ವೇಡ್ ಗೂಳಿ ಸವಾರ. ವರ್ಷಕ್ಕೆ ಎಂಟು ತಿಂಗಳು ಇಬ್ಬರೂ ಈ ಟ್ರೇಲರನ್ನು ಎಳೆದುಕೊಂಡು ಗೂಳಿ ಸವಾರಿಯ ಪಂದ್ಯ ನಡೆಯುವ ಒಂದು ರೋಡಿಯೋದಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಪ್ಲ್ಯಾಟ್ ನದಿಯ ಹತ್ತಿರ ಬಂದಾಗ ಟ್ರೇಲರಿನ ಅಚ್ಚು ಮುರಿಯಿತು. ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬದ ವಾರ, ಬಿಡಿಭಾಗದ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಆದರೆ ಗೂಳಿ ಸವಾರರಿಗೆ ಸುಗ್ಗಿಯೂ ಅದೇ ವಾರ. ನಾಲ್ಕು ದಿನದಲ್ಲಿ ಐದು ಊರು. ವೇಡ್ ತನ್ನ ಗೆಳೆಯ ಲೈಲ್‌ನ ಪಿಕಪ್ ಹತ್ತಿ ಹೋದ. ಶೆಲ್ಬಿ ಮುರಿದ ಅಚ್ಚಿನ ಜೊತೆ ಉಳಿದಳು.

ಮದುವೆಯಾದ ಮೂರು ವರ್ಷಗಳಲ್ಲಿ, ಈ ವಾರ ಬಿಟ್ಟರೆ, ಅವನು ಗೂಳಿ ಹತ್ತುವಾಗ ಅವಳು ಅಲ್ಲಿ ಇಲ್ಲದಿದ್ದುದು ಎರಡೇ ಸಲ.

ಅಂದು ಸಂಜೆ ಆರ್ವಲ್ ಅವಳಿಂದ ಮೂರು ಬಿಯರ್ ಗೆದ್ದುಕೊಂಡ. ಶೆಲ್ಬಿ ತನ್ನ ಮೆಟ್ಟಿಲ ಮೇಲೆ ಫೋನಿನಲ್ಲಿ ಬೇಸ್‌ಬಾಲ್ ನೋಡುತ್ತಿದ್ದಳು. ಆರ್ವಲ್ ತನ್ನ ಬಾಗಿಲಲ್ಲಿ ನಿಂತು ಆಕಳಿಸಿದ.

"ಈ ಚೆಂಡು ಬೇಲಿಯಾಚೆ ಹೋಗತ್ತೆ ಅಂತ ಯಾಕೋ ಅನ್ನಿಸ್ತಿದೆ ನಂಗೆ. ಒಂದು ಬಿಯರ್ ಪಂದ್ಯ ಕಟ್ತೀಯಾ, ಮಗಳೇ?"

ಶೆಲ್ಬಿ ಕಟ್ಟಿದಳು. ಚೆಂಡು ಬೇಲಿಯಾಚೆ ಹೋಯಿತು. ಮುಂದಿನವನು ಔಟಾಗುತ್ತಾನೆ ಎಂದ, ಆದ. ಮೂರನೆಯ ಸಲ ಮಾರ್ಲಿಸ್ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಆ ಹುಡುಗೀನ ದೋಚಬೇಡಿ. ಶೆಲ್ಬಿ, ಅವರ ಮಾತು ಕೇಳ್ಬೇಡ ಕಣೆ. ನಮ್ಮ ಟಿವಿಲಿ ಮೊದಲೇ ಬಂದಿರತ್ತೆ. ಇವರು ನೋಡ್ಕೊಂಡು ಬಂದು ಜ್ಯೋತಿಷ್ಯ ಹೇಳ್ತಾರೆ. ಹೋದ ಬಿಡಾರದಲ್ಲೂ ಹೀಗೇ ಮಾಡಿ ಬೈಸ್ಕೊಂಡ್ರು."

ಆರ್ವಲ್ ಜೇಬಿನಿಂದ ಗಡಿಯಾರ ತೆಗೆದು ಲೆಕ್ಕ ತೋರಿಸಿದ. ಅವನ ಡಿಶ್ಶಿಗಿಂತ ಅವಳ ಫೋನು ಸರಿಯಾಗಿ ನಲವತ್ತು ಸೆಕೆಂಡು ತಡ.

"ಫೋನಲ್ಲಿ ನೋಡೋರೆಲ್ಲ ತಂಗಳನ್ನ ಉಣ್ಣೋರು," ಎಂದ. "ಬಿಸಿ ಬೇಕು ಅಂದ್ರೆ ಆಕಾಶದಿಂದಲೇ ಇಳಿಸ್ಕೋಬೇಕು."

"ನಿಮ್ಮದು ಮರದ ಕೆಳಗೆ ಬರಲ್ಲ. ಮೋಡ ಬಂದ್ರೆ ಬರಲ್ಲ. ಗಂಟೆಗಟ್ಟಲೆ ಮೊಣಕಾಲೂರಬೇಕು," ಎಂದಳು ಶೆಲ್ಬಿ.

"ಊರಿದ್ದೀನಲ್ಲ. ಚರ್ಚಿನಲ್ಲೂ ಇಷ್ಟು ಊರಿಲ್ಲ," ಎಂದು ಮೂರನೆಯ ಬಿಯರ್ ತೆರೆದ.

ಮರುದಿನ ಮಧ್ಯಾಹ್ನ ವೇಡ್ ವಾಯೋಮಿಂಗಿನ ಒಂದು ಪೆಟ್ರೋಲ್ ಬಂಕಿನಿಂದ ಫೋನು ಮಾಡಿದ. ಅಂದು ಸಂಜೆಯ ರೋಡಿಯೋ ಟಿವಿಯಲ್ಲಿ ಬರುವಂಥದು. ಅವನ ಪಾಲಿಗೆ ಬಂದದ್ದು ಶುಗರ್ ಎಂಬ ಬೂದು ಗೂಳಿ.

"ಹೆಸರು ನೋಡಿದ್ರೆ ಚಹಾಕ್ಕೆ ಹಾಕ್ಕೋಬಹುದು," ಎಂದ ವೇಡ್.

"ಏನು ತಿಂದೆ?"

"ಬರೀಟೋ. ಒಳಗೆ ಬೀಫ್. ಕೋಳಿ ಅಲ್ಲ, ಹೆದರ್ಬೇಡ."

ಸವಾರಿಯ ದಿನ ಕೋಳಿ ತಿನ್ನಬಾರದು. ತಿಂದವನು ಕೋಳಿಯಂತೆ ಪುಕ್ಕಲನಾಗುತ್ತಾನೆ ಎಂದು ಸವಾರರೆಲ್ಲ ನಂಬುತ್ತಾರೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದ ಶೆಲ್ಬಿ ಮದುವೆಯಾದ ಮೊದಲ ವರ್ಷ ನಕ್ಕಿದ್ದಳು. ಎರಡನೆಯ ವರ್ಷದಿಂದ ಆ ದಿನ ತಾನೂ ಮುಟ್ಟುತ್ತಿರಲಿಲ್ಲ.

ಅವಳು ಬಿಯರಿನ ಕತೆ ಹೇಳಿದಳು. ವೇಡ್ ಬಹಳ ಹೊತ್ತು ನಕ್ಕ. ಆಮೇಲೆ, "ಆ ಮುದುಕಂಗೆ ಹೇಳು, ಇವತ್ತು ಬಾಯಿ ಮುಚ್ಕೊಂಡಿರ್ಲಿ," ಎಂದ. "ನಾನು ಬೀಳೋದು ನಂಗಿಂತ ಮುಂಚೆ ಅವನು ಹೇಳೋದು ಬೇಡ."

"ಬೀಳಲ್ಲ ನೀನು."

"ಬಿದ್ರೆ ಅಂದೆ. ಸರಿ, ಲೈಲ್ ಹಾರ್ನ್ ಹೊಡೀತಿದಾನೆ. ಅಚ್ಚು ಬಂತಾ?"

"ಸೋಮವಾರ ಅಂತೆ."

"ಸೋಮವಾರ ನಾನೂ ಬರ್ತೀನಿ. ಇಬ್ರೂ ಒಟ್ಟಿಗೆ ಬರ್ತೀವಿ ಬಿಡು, ನಾನೂ ನಿನ್ನ ಅಚ್ಚೂ."

ಸಂಜೆ ಆರು ಗಂಟೆಗೆ ಶೆಲ್ಬಿ ಪಕ್ಕದ ಬಾಗಿಲು ತಟ್ಟಿದಳು. ಮಾರ್ಲಿಸ್ ಕೋಳಿ ಕರಿಯುತ್ತಿದ್ದಳು. ಅವಳಿಗೆ ಎರಡೂ ಮಂಡಿ ನೋವು. ಆದರೂ ಅಷ್ಟರಲ್ಲೇ ಐದು ಸಲವಾದರೂ ಏನಾದರೊಂದು ತಟ್ಟೆ ಹಿಡಿದು, ಕಂಬಿ ಹಿಡಿದು ಮೆಟ್ಟಿಲಿಳಿದು ಶೆಲ್ಬಿಯ ಕಡೆ ಬಂದಿದ್ದಳು. ಬರಿಗೈಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಇಲ್ಲೇ ಕೂತು ನೋಡು, ಮಗಳೇ. ನಮ್ಮ ಟಿವಿ ಇಷ್ಟು ದೊಡ್ಡದಿದೆ. ಆ ಅಂಗೈಯಗಲದ್ರಲ್ಲಿ ಗಂಡ ಯಾರು, ಗೂಳಿ ಯಾವುದು, ಏನು ಕಾಣತ್ತೆ?"

"ನಾನು ಒಬ್ಬಳೇ ನೋಡ್ತೀನಿ, ಮಾರ್ಲಿಸ್. ಬೇಜಾರು ಮಾಡ್ಕೋಬೇಡಿ."

ಅದಕ್ಕೊಂದು ಕಾರಣವಿತ್ತು. ಹಿಂದೊಮ್ಮೆ ಕ್ಯಾನ್ಸಸ್ಸಿನ ಒಂದು ಬಾರಿನಲ್ಲಿ ಹತ್ತು ಜನರ ನಡುವೆ ಕೂತು ವೇಡ್‌ನ ಸವಾರಿ ನೋಡಿದ್ದಳು. ಅವನು ಗೂಳಿಯ ಮೇಲಿದ್ದಷ್ಟು ಹೊತ್ತೂ ಆ ಹತ್ತು ಜನ ಟಿವಿ ನೋಡಲಿಲ್ಲ, ಅವಳ ಮುಖ ನೋಡಿದರು. ಅದನ್ನು ಅವಳು ಹೇಳಲಿಲ್ಲ. ಆರ್ವಲ್ ಕಡೆ ತಿರುಗಿ, "ನೀವು ಕೂಗಬಾರದು," ಎಂದಳು. "ಗೆದ್ರೂ ಕೂಗಬಾರದು. ಬಿದ್ರೂ ಕೂಗಬಾರದು. ನಾನೇ ನೋಡಬೇಕು."

"ಕಿಟಕಿ ಹಾಕ್ಕೊಂಡು, ಸೌಂಡ್ ಸಣ್ಣ ಮಾಡಿ ಕೂರ್ತೀನಿ. ನಿನ್ನ ತಂಗಳನ್ನ ನಿಂಗೆ," ಎಂದ ಆರ್ವಲ್. "ಗೆದ್ರೆ ನಾಲ್ಕನೇ ಬಿಯರ್ ನಂದು."

"ನಾಲ್ಕೂ ನಾನೇ ಕೊಡಿಸ್ತೀನಿ."

"ಕೋಳಿ ತಗೊಂಡು ಹೋಗು," ಎಂದಳು ಮಾರ್ಲಿಸ್.

"ಸವಾರಿ ಮುಗಿದ ಮೇಲೆ."

ಏಳೂಕಾಲು. ಬಿಸಿಲು ಇನ್ನೂ ಹುಲ್ಲಿನ ಮೇಲಿತ್ತು. ಶೆಲ್ಬಿ ಮೆಟ್ಟಿಲ ಮೇಲೆ ಕೂತು ಫೋನನ್ನು ಮೊಣಕಾಲಿಗೆ ಒರಗಿಸಿಕೊಂಡಳು. ಮಾತು ಕೊಟ್ಟಂತೆ ಪಕ್ಕದ ಕಿಟಕಿಗಳು ಮುಚ್ಚಿದ್ದವು. ಆಚೆಯಿಂದ ಏನೂ ಕೇಳುತ್ತಿರಲಿಲ್ಲ. ಡಿಶ್ಶಿನ ಕೆಳಗಿನ ನೀರಿನ ಕ್ಯಾನು ಗಾಳಿಗೆ ಮೆಲ್ಲಗೆ ತೂಗುತ್ತಿತ್ತು.

ವೇಡ್‌ಗಿಂತ ಮುಂಚಿನ ಸವಾರ ಮೂರು ಸೆಕೆಂಡಿಗೇ ಬಿದ್ದ. ಎದ್ದು, ಟೋಪಿ ಕೊಡವಿಕೊಂಡು ಬೇಲಿ ಹತ್ತಿದ. ಎಂಟು ಸೆಕೆಂಡು ಉಳಿದವರಿಗೆ ಅಂಕ, ಉಳಿಯದವರಿಗೆ ಧೂಳು. ಆಮೇಲೆ ಒಂದು ಜಾಹೀರಾತು. ಆಮೇಲೆ ವೇಡ್.

ಗೂಳಿಯನ್ನು ನಿಲ್ಲಿಸುವ ಇಕ್ಕಟ್ಟಿನ ಕಬ್ಬಿಣದ ಗೂಡಿನ ಮೇಲೆ ಅವನು ಕಾಲು ಅಗಲಿಸಿ ನಿಂತಿದ್ದ. ಮೆಲ್ಲಗೆ ಬೂದು ಬೆನ್ನಿನ ಮೇಲಕ್ಕಿಳಿದ. ಲೈಲ್ ಮೇಲಿನಿಂದ ಗೂಳಿಯ ಮೈಗೆ ಸುತ್ತಿದ ಹಗ್ಗ ಎಳೆದು ಹಿಡಿದಿದ್ದ. ವೇಡ್ ಕೈಗವಸಿನಿಂದ ಹಗ್ಗವನ್ನು ಉಜ್ಜಿದ, ಅದಕ್ಕೆ ಸವರಿದ ಅಂಟು ಬಿಸಿಯಾಗಲೆಂದು, ಮೇಲಕ್ಕೂ ಕೆಳಕ್ಕೂ. ಪ್ರತಿ ಸಲವೂ ಏಳು ಬಾರಿ ಉಜ್ಜುತ್ತಿದ್ದ. ಶೆಲ್ಬಿ ಎಣಿಸತೊಡಗಿದಳು.

ನಾಲ್ಕು ಎಣಿಸಿದಾಗ ಪಕ್ಕದ ಬಾಗಿಲು ತೆರೆಯಿತು.

ಮಾರ್ಲಿಸ್ ಹೊರಗೆ ಬಂದಳು. ಕೋಳಿ ತರುತ್ತಿದ್ದಾಳೆ ಎಂದುಕೊಂಡಳು ಶೆಲ್ಬಿ. ಸವಾರಿ ಮುಗಿಯಲಿ ಎಂದಿದ್ದೆನಲ್ಲ ಎಂದು ತುಸು ಬೇಸರವೂ ಆಯಿತು. ಮಾರ್ಲಿಸ್ ಕಂಬಿ ಹಿಡಿಯಲಿಲ್ಲ. ಮಂಡಿನೋವು ಮರೆತವಳಂತೆ ಮೂರು ಮೆಟ್ಟಿಲು ಇಳಿದಳು. ಹಿಂದೆ ಬಾಗಿಲು ತೆರೆದೇ ಇತ್ತು, ಒಳಗೆ ಆರ್ವಲ್ ಟಿವಿಯ ಮುಂದೆ ನಿಂತಿದ್ದ. ಕೂತಿರಲಿಲ್ಲ.

ಏಳು. ವೇಡ್ ಹಗ್ಗವನ್ನು ಅಂಗೈಗೆ ಸುತ್ತಿ, ಮುಷ್ಟಿಯ ಮೇಲೆ ಇನ್ನೊಂದು ಕೈಯಿಂದ ಗುದ್ದಿ ಬಿಗಿಮಾಡಿದ.

ಮಾರ್ಲಿಸ್‌ಳ ಕೈಯಲ್ಲಿ ಏನೂ ಇರಲಿಲ್ಲ.

ಶೆಲ್ಬಿ ಆ ಕೈಗಳನ್ನು ನೋಡಿದಳು. ಹಿಟ್ಟು ಮೆತ್ತಿದ್ದ, ಖಾಲಿ, ಎರಡೂ ಕೈ. ಆಮೇಲೆ ಫೋನು ನೋಡಿದಳು. ವೇಡ್ ಗಲ್ಲವನ್ನು ಎದೆಗೊತ್ತಿಕೊಂಡಿದ್ದ. ಇನ್ನು ಅವನು ತಲೆಯಾಡಿಸಬೇಕು. ಸವಾರ ತಲೆಯಾಡಿಸದೆ ಗೇಟು ತೆರೆಯುವಂತಿಲ್ಲ.

ಅವಳು ಹೆಬ್ಬೆಟ್ಟಿನಿಂದ ಪರದೆಯನ್ನು ಒತ್ತಿದಳು. ಚಿತ್ರ ನಿಂತಿತು.

ಮಾರ್ಲಿಸ್ ಬಂದು ಎದುರು ನಿಂತಳು. ಏದುಸಿರು ಬಿಡುತ್ತಿದ್ದಳು.

"ಫೋನು ಕೊಡು, ಮಗಳೇ."

"ಇನ್ನೂ ಗೇಟು ತೆರೆದಿಲ್ಲ," ಎಂದಳು ಶೆಲ್ಬಿ.

"ಮಗಳೇ."

"ಇಲ್ಲಿ ಇನ್ನೂ ತೆರೆದಿಲ್ಲ, ಮಾರ್ಲಿಸ್. ನೋಡಿ."

ಮಾರ್ಲಿಸ್ ನೋಡಲಿಲ್ಲ. ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತಳು. ಕೂರಲು ಜಾಗವಿರಲಿಲ್ಲ, ಇಬ್ಬರ ಭುಜವೂ ಬಾಗಿಲ ಚೌಕಟ್ಟಿಗೆ ಒತ್ತಿಕೊಂಡವು. ಅವಳ ಮೈಯಿಂದ ಕರಿದ ಎಣ್ಣೆಯ ವಾಸನೆ ಬರುತ್ತಿತ್ತು. ಫೋನಿನಲ್ಲಿ ವೇಡ್‌ನ ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆಯುವಾಗಲೂ ಅವನ ತುಟಿ ಹಾಗೆಯೇ ಹೋಗುತ್ತಿತ್ತು. ಲೈಲ್‌ನ ಕೈ ಅವನ ಎದೆಯ ಮುಂದಿತ್ತು. ಗೂಳಿಯ ಕಿವಿಯೊಂದು ಕಾಣುತ್ತಿತ್ತು.

ಎಷ್ಟು ಹೊತ್ತು ಹಾಗೆ ಇತ್ತೋ. ಪರದೆ ಮಂಕಾದಾಗಲೆಲ್ಲ ಶೆಲ್ಬಿ ಅಂಚಿನಲ್ಲಿ ಮೆಲ್ಲಗೆ ಮುಟ್ಟುತ್ತಿದ್ದಳು. ಬೆಳಕು ಮತ್ತೆ ಬರುತ್ತಿತ್ತು. ನಡುವೆ ಮುಟ್ಟಲಿಲ್ಲ, ಮುಟ್ಟಿದರೆ ಮುಂದಕ್ಕೆ ಹೋಗುತ್ತದೆ. ಒಂದು ನೊಣ ಬಂದು ಗಾಜಿನ ಮೇಲೆ ಕೂತಿತು. ಅದನ್ನು ಓಡಿಸಲೂ ಅವಳಿಗೆ ಹೆದರಿಕೆಯಾಯಿತು. ಊದಿದಳು. ಅದು ಹೋಯಿತು.

ಆರ್ವಲ್ ತನ್ನ ಬಾಗಿಲವರೆಗೆ ಬಂದು ನಿಂತಿದ್ದ. ಮಾತು ಕೊಟ್ಟಿದ್ದನಲ್ಲ, ಬಾಯಿ ತೆರೆಯಲಿಲ್ಲ.

ಆಮೇಲೆ ಫೋನು ಕೈಯಲ್ಲೇ ನಡುಗಿತು. ವೇಡ್ ಮಾಯವಾದ. ಪರದೆಯ ತುಂಬ ಲೈಲ್‌ನ ಹೆಸರು ಬಂತು.

ಶೆಲ್ಬಿ ಎತ್ತಿಕೊಳ್ಳಲಿಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಚಿತ್ರ ಮತ್ತೆ ಬಂತು, ಆದರೆ ಅದು ಬಿಟ್ಟಲ್ಲಿಂದ ಬರಲಿಲ್ಲ. ಫೋನು ತಾನಾಗಿಯೇ ಮುಂದಕ್ಕೆ ಹಾರಿ, ಈಗ ಅಲ್ಲಿ ಏನಾಗುತ್ತಿದೆಯೋ ಅದನ್ನು ಹಿಡಿದುಕೊಂಡಿತ್ತು. ಅಂಗಳ ಖಾಲಿಯಿತ್ತು. ಸುತ್ತ ಸಾವಿರಾರು ಜನ ಎದ್ದು ನಿಂತಿದ್ದರು. ಎಲ್ಲರೂ ಟೋಪಿ ತೆಗೆದು ಎದೆಗೆ ಹಿಡಿದಿದ್ದರು. ಯಾರೂ ಮಾತಾಡುತ್ತಿರಲಿಲ್ಲ.

ಎರಡನೆಯ ಸಲ ಲೈಲ್‌ನ ಹೆಸರು ಬಂದಾಗ ಎತ್ತಿಕೊಂಡಳು.

"ಶೆಲ್ಬಿ," ಎಂದ ಲೈಲ್. ಅವನ ಹಿಂದೆ ಎಲ್ಲೋ ಕಬ್ಬಿಣದ ಬಾಗಿಲು ಬಡಿಯಿತು. "ಶೆಲ್ಬಿ, ಟಿವಿಲಿ ನೋಡಿದ್ಯಾ?"

"ಇಲ್ಲ," ಎಂದಳು.

ಆಗ ಅವನು ಹೇಳಬೇಕಾಯಿತು.

ಆರ್ವಲ್ ತನ್ನ ಪಿಕಪ್ಪಿನಲ್ಲಿ ಅವಳನ್ನು ಆ ಊರಿಗೆ ಕರೆದೊಯ್ದ. ಐದು ಗಂಟೆಯ ದಾರಿ. ರೇಡಿಯೋ ಹಾಕಲಿಲ್ಲ.

ವೇಡ್‌ನ ಮಣ್ಣು ಮುಗಿಸಿ, ಒಂಬತ್ತು ದಿನ ಬಿಟ್ಟು ಅವಳು ಟ್ರೇಲರ್ ತೆಗೆದುಕೊಂಡು ಹೋಗಲು ಬಿಡಾರಕ್ಕೆ ಬಂದಳು. ಎರಡೇ ದಿನದಲ್ಲಿ ಹೊರಡಬೇಕಾಗಿದ್ದ ಆರ್ವಲ್ ಮತ್ತು ಮಾರ್ಲಿಸ್ ಅವಳಿಗಾಗಿ ಕಾದು ಇನ್ನೂ ಅಲ್ಲೇ ಇದ್ದರು. ಅವಳ ಟ್ರೇಲರಿನ ಗಿಡದ ಕುಂಡಕ್ಕೆ ಯಾರೋ ನೀರು ಹಾಕಿದ್ದರು. ಮಾರ್ಲಿಸ್ ಸೂಪು ತಂದಳು. ಕೋಳಿಯದಲ್ಲ. ಇನ್ನು ಕೋಳಿ ತಿನ್ನಬಹುದು ಎಂದು ಶೆಲ್ಬಿಗೆ ಹೊಳೆಯಿತು. ಯಾವ ದಿನ ಬೇಕಾದರೂ.

ಮರುದಿನ ಬೆಳಿಗ್ಗೆ ಆರ್ವಲ್ ಡಿಶ್ ಬಿಚ್ಚಿದ. ನೀರಿನ ಕ್ಯಾನನ್ನು ಹುಲ್ಲಿಗೆ ಸುರಿದ. ಸ್ಟ್ಯಾಂಡಿನ ಕಾಲುಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಅವಳ ಮೆಟ್ಟಿಲ ಹತ್ತಿರ ಬಂದು ನಿಂತ.

"ನಮ್ಮ ಟಿವಿ ಡಬ್ಬಿ ಎಲ್ಲಾನೂ ತಾನೇ ರೆಕಾರ್ಡ್ ಮಾಡ್ಕೊಳ್ಳತ್ತೆ," ಎಂದ. "ಅದೂ ಇದೆ ಅದ್ರಲ್ಲಿ. ನಾನು ಮತ್ತೆ ನೋಡಿಲ್ಲ. ಮಾರ್ಲಿಸ್ ಅಳಿಸಿಬಿಡಿ ಅಂತಾಳೆ. ನಿನ್ನ ಕೇಳದೆ ನಂಗೆ ಕೈ ಬರಲಿಲ್ಲ."

ಶೆಲ್ಬಿ ತಲೆಯೆತ್ತಿದಳು.

"ಅವನು ತಲೆ ಆಡಿಸಿದ್ನಾ?"

"ಏನು?"

"ಗೇಟು ತೆಗೀರಿ ಅಂತ. ಆಡಿಸಿದ್ನಾ?"

ಆರ್ವಲ್ ನೆಲ ನೋಡಿದ. "ಆಡಿಸಿದ, ಮಗಳೇ."

"ಸರಿ," ಎಂದಳು ಶೆಲ್ಬಿ.

ಅಳಿಸಿ ಎನ್ನಲಿಲ್ಲ, ಇಟ್ಟುಕೊಳ್ಳಿ ಎನ್ನಲಿಲ್ಲ. ಅವರ ಗಾಲಿಮನೆ ಹತ್ತು ಗಂಟೆಗೆ ಹೊರಟು, ಹೆದ್ದಾರಿಯ ತಿರುವಿನಲ್ಲಿ ಬಲಕ್ಕೆ ಹೊರಳಿ ಹೋಯಿತು. ಡಿಶ್ ನಿಂತಿದ್ದ ಕಡೆ ಹುಲ್ಲಿನಲ್ಲಿ ಮೂರು ಕುಳಿಗಳು ಉಳಿದವು.

ಮಧ್ಯಾಹ್ನ ಮೆಕ್ಯಾನಿಕ್ ಬಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಟ್ರೇಲರಿನ ಕೆಳಗೆ ಮಲಗಿ ಎರಡು ಗಂಟೆ ಕೆಲಸ ಮಾಡಿ, ಕೈ ಒರೆಸಿಕೊಳ್ಳುತ್ತ ಎದ್ದು, ಹೊಸ ಅಚ್ಚನ್ನು ಬೂಟಿನಿಂದ ಒದ್ದು ನೋಡಿದ.

"ಆಯ್ತು, ಮೇಡಂ. ಇನ್ನು ಎಲ್ಲಿಗೆ ಬೇಕಾದ್ರೂ ಹೋಗಬಹುದು ನೀವು."