ಆಯಿ ನೀರು ಕೇಳಿದ ದಿನ

ನನ್ನ ಆಯಿಗೆ, ಅಂದರೆ ಅಪ್ಪನ ತಾಯಿ ಅಮೃತಬಾಯಿಗೆ, ಎರಡು ಕಟ್ಟಳೆಗಳಿದ್ದವು. ಒಂದು, ಕುರಿ ಇಲ್ಲದ ಮನೆಗೆ ಹೆಣ್ಣು ಕೊಡಬಾರದು. ಎರಡು, ಮಾತು ಕೊಡುವ ತನಕ ಗಂಡಿನ ಮನೆಯ ನೀರು ಮುಟ್ಟಬಾರದು. ನೀರು ಕುಡಿದರೆ ಸಂಬಂಧ ಕೂಡಿತೆಂದೇ ಅರ್ಥ, ಆಮೇಲೆ ಹಿಂದೆ ಸರಿಯುವಂತಿಲ್ಲ. ಕಂಗ್ಟಿ ಸುತ್ತಿನ ನಮ್ಮ ಕುರಿ ಕಾಯುವ ಮಂದಿಯಲ್ಲಿ ಈ ಎರಡನೆಯದನ್ನು ಎಲ್ಲರೂ ಪಾಲಿಸುತ್ತಾರೆ. ಆದರೆ ಆಯಿಯಷ್ಟು ಬಿಗಿಯಾಗಿ ಪಾಲಿಸಿದವರನ್ನು ನಾನು ಕಂಡಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು, ನಾಲ್ಕನೆಯ ಕಾಲು ತೋರಿಸಿದರೆ ಅದು ಬಾಲ ಎಂದಾಳು.

ಈ ಸಂಬಂಧ ತಂದವಳು ನಾನೇ, ಪೂರ್ಣಿಮಾ. ಜಹೀರಾಬಾದಿನಲ್ಲಿ ಡಿಗ್ರಿ ಓದುವಾಗ ಸುಭದ್ರಮ್ಮನ ಆಟೋದಲ್ಲಿ ದಿನಾ ಕಾಲೇಜಿಗೆ ಹೋಗುತ್ತಿದ್ದೆ. ಉಳಿದ ಆಟೋದವರು ಹಾರ್ನ್ ಬಾರಿಸಿ ಸವಾರಿ ಕೂಡಿಸಿದರೆ, ಈಕೆ ಗಾಡಿಯಿಂದ ಕತ್ತು ಹೊರಗೆ ಹಾಕಿ, ಕುರಿ ಕಾಯುವವರು ಸಂಜೆ ಮಂದೆಯನ್ನು ಕರೆಯುವ ಕೂಗು ಹಾಕುತ್ತಿದ್ದಳು. ಮೂರು ಓಣಿ ಆಚೆಗೆ ಕೇಳುತ್ತಿತ್ತು. ನಾವು ಹುಡುಗಿಯರು ನಗುತ್ತಾ ಓಡಿ ಬರುತ್ತಿದ್ದೆವು. ಅವಳ ಮಗ ಶಿವರಾಜನಿಗೆ ಟ್ರ್ಯಾಕ್ಟರ್ ರಿಪೇರಿಯ ಕೆಲಸ. ಹುಡುಗ ಒಳ್ಳೆಯವನೇ, ಆದರೆ ನಿಜ ಹೇಳಬೇಕೆಂದರೆ ನಾನು ಮೊದಲು ಮೆಚ್ಚಿದ್ದು ಅತ್ತೆಯನ್ನು. ಅವಳನ್ನು ಬಿಟ್ಟು ಬೇರೆ ಮನೆಗೆ ಹೋಗುವುದಿಲ್ಲವೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ.

ಅಪ್ಪ ಅಮೋಘಸಿದ್ದ, "ಅವ್ವ ಹೂಂ ಅಂದ್ರ ನಂದೂ ಹೂಂ" ಎಂದು ಕೈ ತೊಳೆದುಕೊಂಡ. ಹೀಗಾಗಿ ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದ್ದ ಒಂದು ದಿನ, ನಾರಾಯಣಖೇಡದಲ್ಲಿ ಬಸ್ಸು ಬದಲಿಸಿ ಆಯಿ, ಅಪ್ಪ, ನಾನು ಮೂವರೂ ಜಹೀರಾಬಾದಿಗೆ ಗಂಡಿನ ಮನೆ ನೋಡಲು ಹೊರಟೆವು. ಹುಡುಗಿ ಹೋಗುವ ಪದ್ಧತಿ ಇಲ್ಲ. ಆದರೆ ಆಯಿಯ ಮೊಣಕಾಲು ನನ್ನ ಹೆಗಲಿಲ್ಲದೆ ಮೆಟ್ಟಿಲು ಹತ್ತುವುದಿಲ್ಲವಲ್ಲ!

ಗಂಡಿನ ಮನೆ ಎಂದರೆ ಬಾಡಿಗೆಯ ಎರಡು ಕೋಣೆ. ಶಿವರಾಜ ರಿಪೇರಿ ಕೆಲಸಕ್ಕೆ ಹೋಗಿದ್ದ. ಆಯಿ ಹೊಸಿಲಲ್ಲಿ ನಿಂತೇ ಎಲ್ಲವನ್ನೂ ನೋಡಿ ಮುಗಿಸಿದಳು.

"ಕುರಿ ಎಲ್ಲವ?"

"ಮಾರೀನ್ರಿ," ಎಂದಳು ಸುಭದ್ರಮ್ಮ. "ಶಿವರಾಜನ ಅಪ್ಪ ತೀರಿಕೊಂಡ ಮ್ಯಾಲ ಒಬ್ಬಾಕಿ ಕಾಯಾಕ ಆಗಲಿಲ್ಲ. ಎಲ್ಲಾ ಮಾರಿ ಈ ಗಾಡಿ ತಗೊಂಡೆ."

"ಹಟ್ಟಿ ಮುಂದ ನಿಂತು ಕೂಗಿದ್ರ ಎಷ್ಟು ತಲಿ ಓಡಿ ಬರ್ತಾವ, ಮನಿ ಅಷ್ಟ ದೊಡ್ಡದು. ನೀ ಕೂಗಿದ್ರ ಯಾರು ಬರ್ತಾರ? ಈ ಕಬ್ಬಿಣ ಬರ್ತದೇನು?"

ಸುಭದ್ರಮ್ಮನ ಮುಖ ಸಣ್ಣದಾಯಿತು. ತಂಬಿಗೆಯಲ್ಲಿ ತಂದಿಟ್ಟ ನೀರು ಹಾಗೇ ಉಳಿಯಿತು. ನನಗೆ ಆಯಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ತಂಬಿಗೆ ಎತ್ತಿ ನಾನೇ ಗಟಗಟ ಕುಡಿದುಬಿಡಬೇಕು ಅನ್ನಿಸಿತು. ಆದರೆ ಹುಡುಗಿ ಕುಡಿದರೆ ಲೆಕ್ಕಕ್ಕಿಲ್ಲ, ಹಿರಿಯರೇ ಕುಡಿಯಬೇಕು.

"ನಡಿ ಅಮೋಘಸಿದ್ದ, ಬಸ್ ನೋಡು" ಎಂದಳು ಆಯಿ.

"ಬಸ್ ಸಂಜಿಗದ ಅವ್ವಾ."

ಆಗ ಸುಭದ್ರಮ್ಮ ಖಾಕಿ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು ಬೀಗದ ಕೈ ಎತ್ತಿಕೊಂಡಳು. "ಮನಿ ನೋಡೋದು ಆತು. ಇನ್ನ ಊರ ನೋಡೋಣ ಬರ್ರಿ. ಸಂಜೀತನಕ ಇಲ್ಲಿ ಗೋಡಿ ನೋಡ್ಕೋತ ಕೂಡೋದೇನದ?"

ಆಯಿ ಒಪ್ಪಿದ್ದು ಊರು ನೋಡುವ ಆಸೆಗಲ್ಲ, ಆ ಮನೆಯ ಚಾಪೆಯ ಮೇಲೆ ಕೂರುವುದು ತಪ್ಪಲಿ ಎಂದು. "ಊರಾಗಿನ ನೀರು ಕುಡಿದ್ರ ತಪ್ಪಿಲ್ಲ, ರೊಕ್ಕ ಕೊಟ್ಟು ಕುಡಿತೀನಿ. ಈಕಿ ಮನೀದು ಹನಿ ಮುಟ್ಟೋದಿಲ್ಲ" ಎಂದು ಅಪ್ಪನಿಗೆ ಕೇಳುವಂತೆ, ಅಂದರೆ ಇಡೀ ಓಣಿಗೆ ಕೇಳುವಂತೆ ಹೇಳಿ ಆಟೋ ಹತ್ತಿದಳು. ಚಾಲಕಿಯ ಸೀಟಿನ ಪಕ್ಕದಲ್ಲಿ, ಸವಾರಿಗಳಿಗೆಂದು, ಒದ್ದೆ ಬಟ್ಟೆ ಸುತ್ತಿದ ಒಂದು ಮಣ್ಣಿನ ಮಗಿ ಕಟ್ಟಿತ್ತು. ಆಯಿ ಅದನ್ನು ನೋಡಿ ಮುಖ ತಿರುಗಿಸಿದಳು. ಅವಳದು ಮನೆಯಿಂದ ತಂದ ನೀರಿನ ಬಾಟಲಿ. ಅದನ್ನು ಹಿಡಿದುಕೊಳ್ಳುವ ಕೆಲಸ ನನ್ನದು.

ಮೊದಲು ರೈಲ್ವೆ ಸ್ಟೇಷನ್. ಆಮೇಲೆ ಶುಂಠಿ ಬಜಾರು. ಹಸಿಶುಂಠಿಯ ರಾಶಿಗಳ ನಡುವೆ ಗಾಡಿ ನುಸುಳುವಾಗ ಶುಂಠಿಯ ಮಣ್ಣು ಕೊಡವುತ್ತಿದ್ದ ಹೆಂಗಸರು ಕೈ ಎತ್ತಿ "ಸುಭದ್ರಕ್ಕಾ!" ಎಂದು ಕೂಗಿದರು. ಆಮೇಲೆ ಒಂದು ಚೌಕದಲ್ಲಿ, ನೋಡಲು ಏನೇನೂ ಇಲ್ಲದ ಕಡೆ, ಸುಭದ್ರಮ್ಮ ಗಾಡಿ ನಿಲ್ಲಿಸಿದಳು.

"ಇಲ್ಲೇನದ?" ಎಂದಳು ಆಯಿ.

"ಮೊದಲ ದಿನ ನನ್ನ ಗಾಡಿ ಇಲ್ಲೇ ಆಫ್ ಆಗಿ ನಿಂತಿತ್ರಿ. ಹಾರ್ನ್ ಹೊಡದವರೇನು, ನಕ್ಕವರೇನು! ಅವತ್ತ ನಕ್ಕವರು ಈಗ ಅಕ್ಕಾ ಅಂತಾರ."

"ಇದೂ ನೋಡೋ ಜಾಗಾ ಏನು?"

"ನನಗ ಇದೇ ಚಾರ್ಮಿನಾರ್ ರಿ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಆಯಿ ಕಣ್ಣು ಕೆಕ್ಕರಿಸಿದ ಮೇಲೆ ಅದನ್ನು ಕೆಮ್ಮು ಮಾಡಿದ.

ಅಷ್ಟು ಹೊತ್ತಿಗೆ ನಾನು ಬಾಟಲಿಯ ನೀರನ್ನು ಗುಟುಕು ಗುಟುಕಾಗಿ ಪೂರ್ತಿ ಕುಡಿದು ಮುಗಿಸಿದ್ದೆ. ಬಾಯಾರಿಕೆಯೇನೂ ಇರಲಿಲ್ಲ. ಹೊಟ್ಟೆ ಮಡಕೆಯಂತೆ ಕುಲುಕುತ್ತಿತ್ತು. ಆದರೂ ಕುಡಿದೆ, ಏಕೆಂದರೆ ಆಯಿಗೆ ನೀರು ಬೇಕಾಗಬೇಕಿತ್ತು.

ಬೇಕಾಯಿತು. ಹೆದ್ದಾರಿಯ ಬದಿಗೆ ಬಂದಾಗ ಆಯಿ ಬಾಟಲಿ ಕೇಳಿದಳು, ತಲೆಕೆಳಗು ಮಾಡಿ ನೋಡಿದಳು, ನನ್ನನ್ನೂ ನೋಡಿದಳು. "ನಿನ್ನ ಹೊಟ್ಟಿ ಸುಡಲಿ" ಎಂದಳು. ಎದುರಿಗೇ ಕಬ್ಬಿನ ಹಾಲಿನ ಬಂಡಿ. ಬಿಳಿ ಗಡ್ಡದ ಮಿಯಾಸಾಬ ಲಿಂಬೆ ಹಿಂಡಿ, ನೊರೆ ಉಕ್ಕುವ ಗ್ಲಾಸು ಮುಂದೆ ಚಾಚಿದ. ಆಯಿ ಮೊದಲು ನೋಟು ಚಾಚಿದಳು.

"ನಕೋ ಅಮ್ಮಾ, ನಕೋ!" ಮಿಯಾಸಾಬ ಎರಡೂ ಕೈ ಆಡಿಸಿದ. "ಸುಭದ್ರಕ್ಕನ ಬೀಗರ ಹತ್ರ ಪೈಸಾ ತಗೊಂಡ್ರ ನನ್ನ ಬಂಡಿ ನಡೀತದೇನು? ನಮ್ಮ ಮನೀದೇ ಅಂತ ತಿಳಕೊಂಡು ಕುಡೀರಿ."

ಆಯಿಯ ಕೈ ಗಾಳಿಯಲ್ಲೇ ನಿಂತಿತು. ರೊಕ್ಕ ಕೊಟ್ಟರೆ ಊರಿನ ನೀರು, ಕೊಡದಿದ್ದರೆ ಬೀಗರ ನೀರು. ನೊರೆ ಇಳಿಯುವುದನ್ನೇ ನೋಡುತ್ತಾ ಕೂತು, ಕೊನೆಗೆ "ನಡಿ" ಎಂದಳು. ಆ ಗ್ಲಾಸನ್ನು ಅಪ್ಪ ಕುಡಿಯಲು ಹೋದ. ಆಯಿ ಅವನ ಮೊಣಕೈಗೆ ಒಂದು ಕೊಟ್ಟಳು.

ಪಸ್ತಾಪುರದಲ್ಲಿ ಇನ್ನೂ ಕಷ್ಟವಾಯಿತು. ಅಲ್ಲಿ ಸಿರಿಧಾನ್ಯ ಬೆಳೆಯುವ ಹೆಂಗಸರ ಸಂಘವಿದೆ. ಧನಲಕ್ಷ್ಮಿ ಎಂಬ ಗಟ್ಟಿ ಹೆಂಗಸು ಬೀಜದ ಮಡಕೆಗಳನ್ನು ಒಂದೊಂದಾಗಿ ತೆರೆದು ತೋರಿಸಿದಳು. ಆಯಿ ಮೊಣಕಾಲು ನೋವನ್ನೂ ಮರೆತು ಕುಕ್ಕರಗಾಲಿನಲ್ಲಿ ಕೂತಳು. ನವಣೆ, ಸಾವೆ, ಹಿಂಗಾರಿ ಜೋಳ ಎಂದು ಇಬ್ಬರೂ ಮಾತಿಗಿಳಿದರು, ಜಗಳವಾಡಿದರು, ಮತ್ತೆ ಕೂಡಿದರು. ಆಯಿ ಅಷ್ಟು ಖುಷಿಯಾಗಿದ್ದನ್ನು ನೋಡಿ ನನ್ನ ಎದೆ ಹಗುರವಾಯಿತು. ಆಗಲೇ ಒಳಗಿನಿಂದ ಬಿಸಿ ರೊಟ್ಟಿ, ಪುಂಡಿ ಪಲ್ಯ, ಒಂದು ಚೊಂಬು ಮಜ್ಜಿಗೆ ಬಂದವು. ಆಯಿ ರೊಟ್ಟಿ ಮುರಿದೇ ಬಿಟ್ಟಳು.

"ಉಣ್ರಿ ಉಣ್ರಿ," ಎಂದಳು ಧನಲಕ್ಷ್ಮಿ. "ಸುಭದ್ರಮ್ಮ ನಮಗ ಹೊರಗಿನಾಕಿ ಅಲ್ಲ. ಸಂತಿಗೆ ನಮ್ಮ ಬೀಜದ ಚೀಲ ಒಯ್ಯಾಕಿ ಈಕೀನ. ಈ ಮನಿ ಮಗಳು ಇದ್ದಂಗ."

ಮುರಿದ ರೊಟ್ಟಿ ತಟ್ಟೆಗೆ ಹಿಂತಿರುಗಿತು. ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಉಂಡಿರಲಿಲ್ಲವಾದರೂ.

ಧನಲಕ್ಷ್ಮಿಯ ಬಾಯಿಗೆ ಬೀಗ ಹಾಕಬೇಕು ಅನ್ನಿಸಿತು ನನಗೆ. ಆದರೆ ಆಟೋದಲ್ಲಿ ಕೂತ ಮೇಲೆ ಯೋಚಿಸಿದೆ, ಅವಳು ಹೇಳಿದ್ದು ಸುಳ್ಳೇನಲ್ಲವಲ್ಲ. ಮುಂದೆ ಕೂತ ಸುಭದ್ರಮ್ಮ ಮಾತ್ರ ಕನ್ನಡಿಯಲ್ಲಿ ನಮ್ಮನ್ನು ನೋಡಿ ನೋಡಿ ಕುಗ್ಗುತ್ತಿದ್ದಳು. "ನಾ ಹೇಳಿ ಮಾಡಿಸಿದ್ದಲ್ಲರಿ ಇದು" ಎಂದಳು ಒಮ್ಮೆ.

ಪೇಟೆಗೆ ಮರಳಿದಾಗ ಬಿಸಿಲು ಇಳಿಯುತ್ತಿತ್ತು. ಕಾಶಿರಾಮನ ಅಂಗಡಿಯಲ್ಲಿ ಮಿರ್ಚಿ ಬಜಿ ಎಣ್ಣೆಯಲ್ಲಿ ಚುಂಯ್ ಎನ್ನುತ್ತಿದ್ದವು. ಆಯಿ ಈ ಸಲ ಉಪಾಯ ಹೂಡಿದಳು. ಗಾಡಿಯನ್ನು ದೂರ ನಿಲ್ಲಿಸಲು ಹೇಳಿ, ನನ್ನ ಕೈಗೆ ನೋಟು ತುರುಕಿ, "ಯಾರ ಮಂದಿ ಅಂತ ಹೇಳಬ್ಯಾಡ. ಬಜಿ ತಾ, ನೀರಿನ ಬಾಟ್ಲಿ ತಾ" ಎಂದು ಪಿಸುಗುಟ್ಟಿದಳು. ನಾನು ಒಳ್ಳೆಯ ಮೊಮ್ಮಗಳಂತೆ ಹೋಗಿ, ಏನೂ ಹೇಳದೆ ನೋಟು ಕೊಟ್ಟೆ. ಕಾಶಿರಾಮ ಜಾರೆ ಸೌಟು ಹಿಡಿದೇ ಕತ್ತು ಚಾಚಿ ರಸ್ತೆಯ ಆಚೆ ನೋಡಿದ.

"ಕಂಗ್ಟಿಯಿಂದ ಬಂದೀರೇನವ್ವಾ? ಊರಿಗೆಲ್ಲಾ ಗೊತ್ತದ. ಮುಂಜಾನಿಂದ ನಿಮ್ಮ ಆಯಿ ಹನಿ ನೀರು ಮುಟ್ಟಿಲ್ಲಂತ! ಆ ರೊಕ್ಕ ಒಳಗ ಇಡು."

ಪೊಟ್ಟಣ ಕಟ್ಟಿ, ನೀರಿನ ಬಾಟಲಿಯ ಸಮೇತ ಕೊಟ್ಟ. ಆಯಿ ಆ ಬಿಸಿ ಪೊಟ್ಟಣವನ್ನು ಮುಟ್ಟಿಯೂ ನೋಡದೆ, ಅದನ್ನೂ ಬಾಟಲಿಯನ್ನೂ ವಾಪಸು ಕಳಿಸಿದಳು. ಅವಳ ತುಟಿ ಒಣಗಿ ಬಿರಿದಿತ್ತು. ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು, ಅಳುವೂ ಬಂತು. ಈ ಮುದುಕಿ ಸತ್ತರೂ ಹೂಂ ಅನ್ನುವುದಿಲ್ಲ, ನಾನು ಈ ಊರಿಗೆ ಸೊಸೆಯಾಗಿ ಬರುವುದಿಲ್ಲ, ಮುಗಿಯಿತು ಎಂದುಕೊಂಡೆ.

ಬಸ್ ನಿಲ್ದಾಣಕ್ಕೆ ಮುಂಚೆ ಒಂದು ಏರು ಇದೆ. ಅರ್ಧ ಏರಿದ ಮೇಲೆ ಠಕ್ಕೆಂದು ಸದ್ದಾಯಿತು. ಕ್ಲಚ್ ವೈರು ಕಿತ್ತಿತ್ತು. ಸುಭದ್ರಮ್ಮ ಬ್ರೇಕು ಒತ್ತಿ ಹಿಡಿದಳು. ಅಪ್ಪ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಏರಿನ ಮೇಲೆ ಕಂಗ್ಟಿ ಕಡೆಯ ಬಸ್ಸು ಹೊರಡಲು ಗುರುಗುಟ್ಟುತ್ತಿದ್ದುದು ಕಾಣುತ್ತಿತ್ತು. ಆಯಿಯ ಕಾಲಿಗೆ ಆ ಏರು ಹತ್ತುವುದು ಆಗದ ಮಾತು.

"ನೋಡಿದಿ?" ಎಂದಳು ಆಯಿ, ಒಣಗಿದ ಗಂಟಲಿನಲ್ಲೇ. "ಕುರಿಯಾಗಿದ್ರ ಏರು ಹತ್ತತಿತ್ತು. ಈಗ ಕೂಗು ನೋಡೋಣ, ಯಾರು ಬರ್ತಾರ."

ಸುಭದ್ರಮ್ಮ ತಲೆ ತಗ್ಗಿಸಿದಳು. ಬೀಗರ ಮುಂದೆ ಆ ಕೂಗು ಹಾಕಬೇಡವೆಂದು ಮಗ ತಾಕೀತು ಮಾಡಿದ್ದನಂತೆ. ಬೆಳಗಿನಿಂದ ಪಾಪ, ಹಾರ್ನ್ ಒಂದನ್ನೇ ಒತ್ತಿಕೊಂಡು ಬಂದಿದ್ದಳು.

ನನಗೆ ಇನ್ನು ತಡೆಯಲಾಗಲಿಲ್ಲ. ಪದ್ಧತಿ ಮಣ್ಣು ಮಸಿ ಎಲ್ಲ ಬಿಟ್ಟು ಅವಳ ಹೆಗಲು ಅಲುಗಾಡಿಸಿದೆ. "ಕೂಗ್ರಿ ಅತ್ತೀ! ಕೇಳಾಕತ್ಯಾಳಲ್ಲ, ಕೂಗ್ರಿ!"

ಅತ್ತೆ ಎಂದು ಕರೆದದ್ದು ಅದೇ ಮೊದಲು. ಸುಭದ್ರಮ್ಮ ನನ್ನ ಮುಖ ನೋಡಿದಳು. ಗಾಡಿಯಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗೈ ಬಾಯಿಗೆ ಹಿಡಿದು ಕೂಗಿದಳು. ಉದ್ದಕ್ಕೆ ಎಳೆದು, ಕೊನೆಗೆ ಮೇಲೆ ಹಾರುವ ಕೂಗು. ಹೊಲದಾಚೆ ಚೆದುರಿದ ಮಂದೆಯನ್ನು ಸಂಜೆ ಹಟ್ಟಿಗೆ ತಿರುಗಿಸುವ ಕೂಗು. ಆಯಿ ಬೆಚ್ಚಿ ನೆಟ್ಟಗೆ ಕೂತಳು. ಆ ಕೂಗನ್ನು ಅವಳೂ ಜೀವಮಾನವೆಲ್ಲ ಹಾಕಿದವಳು.

ಮೊದಲು ಬಂದವನು ಕಾಶಿರಾಮ, ಕೈಯಲ್ಲಿ ಸೌಟು ಹಾಗೇ ಇತ್ತು. ಶುಂಠಿ ಬಜಾರಿನ ಹೆಂಗಸರು ಮಣ್ಣುಗೈಯಲ್ಲೇ ಬಂದರು. ಅಡ್ಡ ಓಣಿಯಿಂದ ಆಟೋದವರು ಬಂದರು. ಕಾಲೇಜಿನ ಹುಡುಗಿಯರು ಚೀಲ ಕುಣಿಸುತ್ತಾ ಓಡಿ ಬಂದರು. ಮಿಯಾಸಾಬ ಏದುಸಿರು ಬಿಡುತ್ತಾ ಹಿಂದಿನಿಂದ ಬಂದ. ಒಬ್ಬ ಏರು ಹತ್ತಿ ಓಡಿ ಬಸ್ಸಿಗೆ ಅಡ್ಡ ನಿಂತ. ಎಲ್ಲರ ನಡುವೆ ದಾರಿ ಮಾಡಿಕೊಂಡು, ಮೊಣಕೈವರೆಗೆ ಗ್ರೀಸು ಬಳಿದುಕೊಂಡ ಶಿವರಾಜ ಬಂದ. ವೈರು ಕಿತ್ತ ಸುದ್ದಿ ದಾರಿಯಲ್ಲೇ ತಿಳಿದಿತ್ತೇನೋ, ಹೆಗಲಿಗೆ ಹೊಸ ವೈರಿನ ಸುರುಳಿ. ಆಯಿಯ ಕಾಲು ಮುಟ್ಟಲು ಬಾಗಿದವನು, ಕೈ ನೋಡಿಕೊಂಡು, ತಲೆಯನ್ನೇ ಅವಳ ಪಾದಕ್ಕೆ ತಾಗಿಸಿ ಗಾಡಿಯ ಕೆಳಗೆ ನುಸುಳಿದ.

ವೈರು ಹಾಕುವವರೆಗೂ ಯಾರೂ ಕಾಯಲಿಲ್ಲ. "ಹೈಸಾ" ಎಂದು ನೂಕಿದರು. ಶಿವರಾಜ ಕೆಳಗಿನಿಂದ ಬೈಯುತ್ತಾ ಹೊರಳಿ ತಪ್ಪಿಸಿಕೊಂಡ. ಆಯಿಯನ್ನು ಕೂಡಿಸಿಕೊಂಡೇ ಆ ಗಾಡಿ ಏರು ಹತ್ತಿತು, ಮೆರವಣಿಗೆಯ ಹಾಗೆ. ಅಪ್ಪ ಮುಂಡಾಸು ಬಿಚ್ಚಿ ಬೀಸುತ್ತಿದ್ದ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಮೇಲೆ ಗಾಡಿ ನಿಂತಿತು. ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಆಯಿ ಇಳಿಯಲಿಲ್ಲ. ಸುತ್ತ ಸೇರಿದ ಮಂದಿಯ ಮೇಲೆ ಕಣ್ಣಾಡಿಸುತ್ತಿದ್ದಳು, ತುಟಿ ಮೆಲ್ಲಗೆ ಅಲುಗುತ್ತಿತ್ತು. ನನಗೆ ಗೊತ್ತು, ದಿನಾ ಸಂಜೆ ಹಟ್ಟಿಯ ಬಾಯಲ್ಲಿ ನಿಂತು ಹೀಗೆಯೇ ಎಣಿಸುತ್ತಾಳೆ. ಒಂದು ಸಲ ಎಣಿಸಿದಳು, ತಪ್ಪಿತು. ಮತ್ತೆ ಎಣಿಸಿದಳು, ಮತ್ತೆ ತಪ್ಪಿತು. ಹುಡುಗಿಯರು ಒಂದು ಕಡೆ ನಿಲ್ಲುತ್ತಿರಲಿಲ್ಲ.

"ಅಮೋಘಸಿದ್ದ," ಎಂದಳು ಕೊನೆಗೆ, "ನಮ್ಮ ಹಟ್ಟಿಗಿಂತ ಹೆಚ್ಚದ."

ಆಮೇಲೆ ಕೈ ಮುಂದೆ ಚಾಚಿದಳು. "ನೀರು ಕೊಡ್ರಿ."

ಎಲ್ಲರಿಗೂ ಅರ್ಥವಾಯಿತು. ನಾಲ್ಕೂ ಕಡೆಯಿಂದ ಬಾಟಲಿ, ಗ್ಲಾಸು, ತಂಬಿಗೆ ಮುಂದೆ ಬಂದವು. ಆಯಿ ಎಲ್ಲವನ್ನೂ ಕೈಯಿಂದ ಸರಿಸಿದಳು.

"ನಿಮ್ಮದೆಲ್ಲಾ ಆಮ್ಯಾಲ. ಮೊದಲ ನನ್ನ ಬೀಗತಿ ಗಾಡ್ಯಾಗಿಂದು."

ಸುಭದ್ರಮ್ಮ ಮಗಿ ಬಿಚ್ಚಿದಳು. ಅವಸರದಲ್ಲಿ ಅರ್ಧ ನೀರು ಖಾಕಿ ಅಂಗಿಯ ಮೇಲೆ ಚೆಲ್ಲಿತು. ಉಳಿದುದನ್ನು ಆಯಿ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹನಿ ಬಿಡದೆ ಕುಡಿದಳು. ಕುಡಿದು ಮುಗಿಸಿದಾಗ ಎದ್ದ ಕೇಕೆಗೆ ಬಸ್ಸಿನ ಮೇಲಿದ್ದ ಕಾಗೆಗಳೆಲ್ಲ ಹಾರಿದವು. ನನ್ನ ಎದೆ ಹಿಗ್ಗಿ ಹಿಗ್ಗಿ ಉಸಿರೇ ಸಿಗಲಿಲ್ಲ. ಗದ್ದಲದಲ್ಲಿ ಶಿವರಾಜನ ಕಡೆ ನೋಡಿದೆ. ಅವನ ಮೂಗಿನ ಮೇಲೂ ಗ್ರೀಸಿತ್ತು.

ಕಂಡಕ್ಟರ್ ಮತ್ತೆ ಸೀಟಿ ಊದಿದ, ಬಸ್ಸು ಹೊರಟಿತು. ನಮ್ಮಲ್ಲಿ ಯಾರೂ ಅದರ ಕಡೆ ತಿರುಗಲಿಲ್ಲ. ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಈ ಸಲ ನಿಜವಾಗಿ, ಮತ್ತು ಮಂದಿಯಲ್ಲಿ ಯಾರನ್ನೋ ಹುಡುಕಿದಳು.

"ಏ ಕಾಶಿರಾಮ, ಆ ಬಜಿ ಎಲ್ಲವನೋ? ಆರಿ ಹೋಗಿದ್ರ ಹೊಸಾವು ಕರಿ. ಮಜ್ಜಿಗಿ ತರಸ್ರಿ, ಆ ಕಬ್ಬಿನ ಹಾಲೂ ತರಸ್ರಿ. ಮುಂಜಾನಿಂದ ಬೀಗರ ಊರಾಗ ಇದ್ದೀನಿ, ಒಬ್ಬರರ ನನಗ ಊಟ ಹಾಕಿರೇನು?"