ಎರಡು ಪಾಲಾದ ಸಾವು

ದರ್ಜಿ ಹೆಂಗಸು ಗಿರಣಿ ಕಾರ್ಮಿಕರ ಸಭೆಗೆ ಕಾಲಿಟ್ಟಾಗ ಎದುರು ಗೋಡೆಯಲ್ಲಿ ಕಂಡದ್ದು, ಈಚೆಗೆ ತೀರಿಕೊಂಡ ಗಂಡನ ಫೋಟೋ. ಕೆಳಗೆ 'ಗಟ್ಟಿಮುಟ್ಟಾದವರಿಗೆ ಕೊರೋನಾ ಬೂಸ್ಟರ್ ಯಾಕೆ? ಇವರನ್ನು ಕೊಂದದ್ದು ಅದೇ' ಎಂದು ಬರೆದಿತ್ತು. ಬರೆಸಿದವನು ಮೈದುನ. ಅಣ್ಣತಮ್ಮ ಇಬ್ಬರೂ ಅದೇ ಗಿರಣಿಯಲ್ಲಿ ದುಡಿದವರು. ಬೂಸ್ಟರ್ ಕಡ್ಡಾಯ ಮಾಡಬೇಕೋ ಬೇಡವೋ ಎಂದು ಅಲ್ಲಿ ಎರಡು ಬಣವಾಗಿತ್ತು.

ಅವಳು ಮೈಕು ಕೇಳಿ ತೆಗೆದುಕೊಂಡು, "ಅವರು ಬೂಸ್ಟರ್ ಹಾಕಿಸಿಕೊಂಡೇ ಇರಲಿಲ್ಲ," ಎಂದಳು.

ಮೈದುನನ ಮುಖ ಕಪ್ಪಿಟ್ಟಿತು. ಎದುರು ಬಣದವರು ಚಪ್ಪಾಳೆ ತಟ್ಟಿದರು. ಅವರ ಮುಖಂಡ ಮೈಕು ಕಿತ್ತುಕೊಂಡು, "ಕೇಳಿದ್ರಾ? ಹಾಕಿಸಿಕೊಳ್ಳದೆ ಸತ್ತ," ಎಂದ.

ಗಂಡನಿಗೆ ಕೊರೋನಾ ಬಂದೇ ಇರಲಿಲ್ಲ, ಹೃದಯ ಮೊದಲಿಂದಲೂ ಸೋತಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅವಳು ಕೂಗಿ ಹೇಳಿದಳು. ಗದ್ದಲದಲ್ಲಿ ಯಾರೂ ಕಿವಿಗೊಡಲಿಲ್ಲ. ಕುರ್ಚಿ ಹತ್ತಿ ಫೋಟೋ ಇಳಿಸಿಕೊಂಡಳು.

"ಎಲ್ಲರೆದುರು ನನ್ನ ಮಾನ ತೆಗೆದ್ರಿ ಅತ್ತಿಗೆ," ಎಂದ ಮೈದುನ.

"ನಿಮ್ಮಣ್ಣ ಸತ್ತಿದ್ದಾರೆ ಕಣಪ್ಪ. ನಿನಗೆ ಒಂದ್ಸಲ ಅಳೋಕೂ ಪುರಸೊತ್ತಾಗಲಿಲ್ಲ."

ಅವನು ಮತ್ತೆ ಅವಳ ಹೊಸಿಲು ತುಳಿಯಲಿಲ್ಲ. ಒಂದು ಬಣಕ್ಕೆ ಅವಳು ದ್ರೋಹಿಯಾದಳು, ಕೊರೋನಾ ಅಲ್ಲ ಎಂದು ಕೂಗಿದ್ದರಿಂದ ಇನ್ನೊಂದಕ್ಕೆ ತಲೆಕೆಟ್ಟವಳು. ಮಿಕ್ಕ ಯಾವ ಮಾತಿನಲ್ಲೂ ಒಮ್ಮತಕ್ಕೆ ಬಾರದ ಆ ಎರಡು ಕಡೆಯವರೂ ಬಟ್ಟೆ ಹೊಲಿಸಲು ಅವಳಲ್ಲಿಗೆ ಬರುವುದನ್ನು ಮಾತ್ರ ಒಟ್ಟಿಗೇ ಬಿಟ್ಟರು.