ತಗಡು ಬಡಿದ ಶೂ

ಹೊಸ್ತಿಲ ಮೇಲೆ ಕೂತು, ಸತ್ತ ಅಮ್ಮನ ಶೂಗೆ ಕಾಲು ತೂರಿಸುತ್ತಿದ್ದ ಮಗಳ ಮೇಲೆ ಸೋದರಮಾವನ ನೆರಳು ಬಿತ್ತು.

"ಹೆಣದ ಗಾಡಿ ಹಿಂದೆ ನನ್ನ ಕಾರಿದೆ. ತೆಪ್ಪಗೆ ಹತ್ತಿ ಕೂತ್ಕೋ."

"ನಡ್ಕೊಂಡು ಬರ್ತೀನಿ ಮಾವ."

"ಬೀಗರಾಗೋರು ಬಂದು ನಿಂತಿದಾರೆ ಕಣೇ! ನಿಮ್ಮಮ್ಮ ಬಿದ್ದು ಸೊಂಟ ಮುರ್ಕೊಂಡಿದ್ಲು ಅಂತ ಹೇಳಿದೀನಿ. ಈಗ ನೀನೂ ಕಾಲೆಳ್ಕೊಂಡು ಹೊರಟ್ರೆ, ಇದು ನಮ್ಮ ರಕ್ತದಲ್ಲೇ ಇದೆ ಅಂತ ಗೊತ್ತಾಗಲ್ವಾ? ನನ್ನ ಮಗಳ ಮದುವೆ ಮುರಿದುಬಿದ್ರೆ?"

"ಆ ಮಗಳಿಗಾದ್ರೂ ಹೇಳಿದೀಯಾ?"

ಮಾವ ಬೀಗರತ್ತ ಕಣ್ಣು ಹೊರಳಿಸಿದ. ಅವಳು ಲೇಸು ಬಿಗಿದಳು. ಎಲ್ಲರಿಗೂ ಹಿಮ್ಮಡಿ ಸವೆದರೆ ಅಮ್ಮನಿಗೆ ಶೂವಿನ ತುದಿ ಸವೆಯುತ್ತಿತ್ತು. ಅದಕ್ಕೇ ಅಲ್ಲಿ ತಗಡು.

*

ನರದ ಡಾಕ್ಟರು ಅಮ್ಮ ಮಗಳನ್ನು ಕೂರಿಸಿಕೊಂಡು, ಉದ್ದ ಬಾಲದ ಗಾಳಿಪಟದಂಥದ್ದೊಂದನ್ನು ಬರೆದಿದ್ದರು.

"ಇದು ಒಂದು ನರಕೋಶ. ಪ್ರೋಟೀನು ಹೆಚ್ಚಾಗಿ ತಯಾರಾಗೋದು ಈ ತಲೇಲಿ. ಯಾವುದು ಇಲ್ಲೇ ಇರ್ಬೇಕು, ಯಾವುದು ಬಾಲದ ತುದಿಗೆ ಹೋಗ್ಬೇಕು ಅಂತ ಬೇರೆ ಮಾಡಿ, ಚೀಲಕ್ಕೆ ತುಂಬಿ ಕಳಿಸುತ್ತೆ. ಹೊತ್ಕೊಂಡು ಹೋಗೋಕೂ ಒಂದು ಪ್ರೋಟೀನೇ ಇದೆ, ಕೂಲಿ ಆಳಿನ ಥರ. ಎರಡು ಕಾಲು; ಬಾಲದೊಳಗಿನ ಎಳೆ ಹಿಡಿದು ಹೆಜ್ಜೆ ಹಾಕುತ್ತೆ. ನಿಮ್ಮ ಮನೆತನದಲ್ಲಿ ಆ ಆಳೇ ಸರಿಯಿಲ್ಲ. ಗಿಡ್ಡ ನರಗಳು ಹೇಗೋ ನಿಭಾಯಿಸ್ತಾವೆ. ಕಾಲನ್ನ ಆಡಿಸೋ ನರ ತುಂಬಾ ಉದ್ದ. ತುದಿಗೆ ಸರಕು ತಲುಪಲ್ಲ."

ಬೆಳಗಾದರೆ ಬುಟ್ಟಿ ಹೊತ್ತು ಮನೆಮನೆಗೆ ಬ್ರೆಡ್ಡು ಹಾಕುತ್ತಿದ್ದ ಅಮ್ಮ ಕಿಸಕ್ಕನೆ ನಕ್ಕಿದ್ದಳು. "ಅಂದ್ರೆ ಅದೂ ನನ್ನ ಹಾಗೇ ಕುಂಟುತ್ತೆ ಅನ್ನಿ!"

"ಒಂಥರಾ ಹೌದಮ್ಮ. ಹೊರೋ ಕೆಲಸ ಬಿಟ್ಬಿಡಿ."

"ತಲುಪಲ್ಲ ಅನ್ನಬೇಡಿ ಡಾಕ್ಟ್ರೇ, ತಡ ಆಗುತ್ತೆ ಅನ್ನಿ. ದಿಬ್ಬದ ಮೇಲಿನ ಕೊನೇ ಮನೆಯೋರು ಇವತ್ತೂ ನನ್ನ ಬ್ರೆಡ್ಡೇ ತಿಂದಿದ್ದು."

ಮಾರನೇ ದಿನವೇ ತಗಡು ಬಡಿಸಿಕೊಂಡಳು. ಆ ಸದ್ದಿಗೇ ಜನ ಬಾಗಿಲು ತೆಗೆಯುತ್ತಿದ್ದರು.

*

ಗಾಡಿ ಹೊರಟಿತು. ಹಿಂದೆಯೇ ಮಗಳು. ಕರ್ರ್... ಕರ್ರ್...

ಬೀಗರಾಗುವವರ ಪೈಕಿ ಒಬ್ಬಾಕೆ ತಿರುಗಿ ನೋಡಿದಳು. "ನೀನೂ ಬಿದ್ದಿದ್ಯೇನಮ್ಮ?"

"ಅಮ್ಮನೂ ಬಿದ್ದಿರಲಿಲ್ಲ. ಇದು ನಮ್ಮ ಮನೆತನದ ನಡಿಗೆ," ಎಂದಳು, ಎಲ್ಲರಿಗೂ ಕೇಳುವಂತೆ.

ಹೆಣದ ಗಾಡಿ ಅವಳಿಗೋಸ್ಕರ ನಿಧಾನವಾಯಿತು. ವರ್ಷದಿಂದ ಕಾರು ಬಿಟ್ಟು ನಾಲ್ಕು ಹೆಜ್ಜೆ ನಡೆಯದಿದ್ದ ಮಾವ ಧಡಕ್ಕನೆ ಇಳಿದು ಬಂದು ಅವಳ ತೋಳು ಹಿಡಿದ.

"ಹತ್ತೇ ಕಾರು! ಮಾನ ಕಳೀಬೇಡ."

"ಬೇಕಾದ್ರೆ ನೀನು ಹತ್ತು."

ಅವನು ಜಗ್ಗುತ್ತ, ಅವಳು ನಡೆಯುತ್ತ, ಇಬ್ಬರೂ ಸ್ಮಶಾನದ ಗೇಟು ಮುಟ್ಟಿದರು. ಉಸಿರು ಬಿಡಲು ನಿಂತವಳು ಹಿಂತಿರುಗಿ ನೋಡಿದಳು. ಮಾವನೂ ನೋಡಿದ; ಹಿಡಿದ ಕೈ ಸಡಿಲವಾಯಿತು.

ಗರಸು ದಾರಿಯುದ್ದಕ್ಕೂ ತಗಡು ಎಳೆದ ಎರಡು ಗೀರು. ಅವುಗಳ ಪಕ್ಕದಲ್ಲೇ, ತೆಳ್ಳಗೆ, ಮಾವನ ಎಡಗಾಲಿನ ಶೂ ಎಳೆದ ಮೂರನೆಯದು.